ಗ್ರಾಹಕರ ವಿಮರ್ಶೆ ಮತ್ತು ಸ್ಟಾರ್ ರೇಟಿಂಗ್: ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ತುಂಬೆಹೂ

ಎಲ್ಲರಿಗೂ ನಮಸ್ಕಾರ. ಇನ್ನು ಕೆಲವೇ ವಾರಗಳಲ್ಲಿ ನಮ್ಮ ಮನೆಯಲ್ಲಿ ಮೂರು ವಿಷಯಗಳು ತೀರ್ಮಾನವಾಗಬೇಕಿವೆ. ಹಳೆಯ ವಾಷಿಂಗ್ ಮಷೀನ್ ಬದಲಿಸಬೇಕು, ಕುಡಿಯುವ ನೀರಿಗೆ ಫಿಲ್ಟರ್ ಕೊಳ್ಳಬೇಕು, ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಗೆ ಒಬ್ಬ ವೈದ್ಯರನ್ನು ಗೊತ್ತುಮಾಡಬೇಕು. ಮೂರಕ್ಕೂ ಹುಡುಕಲು ಕುಳಿತಾಗ ಮೊದಲು ಕಣ್ಣಿಗೆ ಬಿದ್ದದ್ದು ಒಂದೇ ಬಗೆಯ ಅಂಕ: ಐದಕ್ಕೆ ನಾಲ್ಕೂವರೆ, ಐದಕ್ಕೆ 4.2, ಹೀಗೆ. ಬಟ್ಟೆ ಒಗೆಯುವ ಯಂತ್ರಕ್ಕೂ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೂ ಒಂದೇ ಅಳತೆಗೋಲು ಹಿಡಿದಿರುವುದನ್ನು ಕಂಡು ನನಗೆ ಸಮಾಧಾನವಾಗಲಿಲ್ಲ.

ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಿವೆ. ಇವೆಲ್ಲವೂ ದುಡ್ಡು ಕೊಟ್ಟು ಬರೆಸಿದ ಮಾತುಗಳು, ಓದುವುದೇ ದಂಡ ಎಂದು ನನ್ನ ತಮ್ಮ ಹೇಳುತ್ತಾನೆ. ನನ್ನ ಅಕ್ಕನಾದರೋ 4.3ಕ್ಕಿಂತ ಕಡಿಮೆ ರೇಟಿಂಗ್ ಇರುವ ಯಾವ ವಸ್ತುವನ್ನೂ ತೆರೆದು ನೋಡುವುದಿಲ್ಲ. ಸಾವಿರಾರು ಜನ ಒಟ್ಟಾಗಿ ತಪ್ಪು ಹೇಳಲು ಸಾಧ್ಯವಿಲ್ಲ ಎಂಬುದು ಅವಳ ವಾದ. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜ ಇರಬಹುದೆಂದು ನನಗೆ ತೋರುತ್ತದೆ. ಆದರೆ ಎಲ್ಲಿಯವರೆಗೆ ಯಾರ ಮಾತು ನಿಜ ಎಂಬುದನ್ನು ಬಲ್ಲವರಿಂದ ತಿಳಿಯಬೇಕೆನಿಸಿದೆ. ಈ ವಿಮರ್ಶೆಗಳಿಗೆ ಎಷ್ಟು ಬೆಲೆ ಕೊಡಬೇಕು, ಮತ್ತು ನಾನು ಹೇಳಿದ ಮೂರು ಸಂದರ್ಭಗಳಲ್ಲೂ ಒಂದೇ ಪ್ರಮಾಣದಲ್ಲಿ ಕೊಡಬಹುದೇ? ದಯವಿಟ್ಟು ಕಾರಣಸಹಿತವಾಗಿ ಬರೆಯಿರಿ.

ಉತ್ತರ: ನಿಧಾನಿ

ತುಂಬೆಹೂ ಅವರೇ, ಸಂಖ್ಯಾಶಾಸ್ತ್ರ ಕಲಿಸುವುದು ನನ್ನ ವೃತ್ತಿ. ಸುಳ್ಳು ವಿಮರ್ಶೆಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಬರೆಯುತ್ತಾರೆಂದು ನಂಬಿದ್ದೇನೆ. ಬರೆದವರೆಲ್ಲರೂ ಪ್ರಾಮಾಣಿಕರೇ ಎಂದು ಇಟ್ಟುಕೊಂಡರೂ ಆ ಸರಾಸರಿ ಅಂಕ ಏಕೆ ದಾರಿ ತಪ್ಪಿಸಬಹುದು ಎಂಬುದನ್ನು ಮಾತ್ರ ನಾನು ವಿವರಿಸುತ್ತೇನೆ. ಏಕೆಂದರೆ ನಿಮ್ಮ ಅಕ್ಕನ ವಾದ ನಿಂತಿರುವುದು ಆ ಸರಾಸರಿಯ ಮೇಲೆಯೇ.

ಒಂದು ವಸ್ತುವನ್ನು ಕೊಂಡವರಲ್ಲಿ ಬಹುಪಾಲು ಜನ ಅದರ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ತುಂಬ ಮೆಚ್ಚಿದವರು ಬರೆಯುತ್ತಾರೆ, ತುಂಬ ನೊಂದವರು ಬರೆಯುತ್ತಾರೆ. ಪರವಾಗಿಲ್ಲ ಎಂದುಕೊಂಡವರು ತಮ್ಮ ಪಾಡಿಗೆ ತಾವು ಬಳಸಿಕೊಂಡು ಸುಮ್ಮನಿರುತ್ತಾರೆ. ನಾನ್ ಹೂ, ಪಾಲ್ ಪಾವ್ಲೂ ಮತ್ತು ಜೆನಿಫರ್ ಜಾಂಗ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಅಮೆಜಾನ್‌ನ ರೇಟಿಂಗ್‌ಗಳನ್ನು ಪರಿಶೀಲಿಸಿ, ಹೆಚ್ಚಿನ ವಸ್ತುಗಳ ರೇಟಿಂಗ್ ಹಂಚಿಕೆ ಇಂಗ್ಲಿಷಿನ 'ಜೆ' ಅಕ್ಷರದ ಆಕಾರದಲ್ಲಿರುತ್ತದೆ ಎಂದು ತೋರಿಸಿದರು. ಒಂದು ಸ್ಟಾರ್ ಇರುವ ಕಡೆ ಚಿಕ್ಕ ದಿಬ್ಬ, ಎರಡು ಮೂರರ ಕಡೆ ತಗ್ಗು, ಐದರ ಕಡೆ ಎತ್ತರದ ಕಂಬ. ಇದಕ್ಕೆ ಅವರು ಎರಡು ಕಾರಣಗಳನ್ನು ಕೊಡುತ್ತಾರೆ. ಒಂದು ವಸ್ತು ತನಗೆ ಹಿಡಿಸುತ್ತದೆ ಎಂದು ಮೊದಲೇ ಅನ್ನಿಸಿದವರಷ್ಟೇ ಅದನ್ನು ಕೊಳ್ಳುತ್ತಾರೆ, ಆದ್ದರಿಂದ ಒಟ್ಟು ಅಂಕ ಮೇಲಕ್ಕೆ ವಾಲುತ್ತದೆ. ಕೊಂಡವರ ಪೈಕಿ ತೀವ್ರ ಭಾವನೆಯುಳ್ಳವರಷ್ಟೇ ಬರೆಯುತ್ತಾರೆ, ಆದ್ದರಿಂದ ನಡುವಿನವರು ಲೆಕ್ಕಕ್ಕೇ ಬರುವುದಿಲ್ಲ. ಹೀಗಿರುವಾಗ 4.2 ಎಂಬ ಸರಾಸರಿ ಕೊಂಡವರೆಲ್ಲರ ಸರಾಸರಿಯಲ್ಲ, ಬಾಯಿ ತೆರೆದವರ ಸರಾಸರಿ.

ಎರಡನೆಯ ತೊಂದರೆ ಸರಾಸರಿಯ ಸ್ವಭಾವಕ್ಕೇ ಸೇರಿದ್ದು. ಒಂದು ವಾಷಿಂಗ್ ಮಷೀನಿಗೆ ನೂರು ಜನರೂ ನಾಲ್ಕು ಸ್ಟಾರ್ ಕೊಟ್ಟಿದ್ದಾರೆ ಎನ್ನೋಣ. ಇನ್ನೊಂದಕ್ಕೆ 75 ಜನ ಐದು ಸ್ಟಾರ್, 25 ಜನ ಒಂದು ಸ್ಟಾರ್ ಕೊಟ್ಟಿದ್ದಾರೆ. ಎರಡರ ಸರಾಸರಿಯೂ ಸರಿಯಾಗಿ ನಾಲ್ಕೇ. ಮೊದಲನೆಯದನ್ನು ಕೊಂಡವರಿಗೆ ಸಾಧಾರಣ ತೃಪ್ತಿ ಬಹುತೇಕ ಖಚಿತ. ಎರಡನೆಯದರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಏನೋ ದೊಡ್ಡ ಎಡವಟ್ಟು ಆಗಿದೆ. ಆದ್ದರಿಂದ ಅಂಕದ ಪಕ್ಕದಲ್ಲಿರುವ ಪಟ್ಟಿಗಳನ್ನು, ಎಂದರೆ ಯಾವ ಸ್ಟಾರ್ ಎಷ್ಟು ಜನರಿಂದ ಬಂದಿದೆ ಎಂಬುದನ್ನು, ಅಂಕಕ್ಕಿಂತ ಮೊದಲು ನೋಡಿ. ಒಂದು ಸ್ಟಾರ್ ಕೊಟ್ಟವರು ಒಂದೇ ದೋಷವನ್ನು, ಉದಾಹರಣೆಗೆ ಬಾಗಿಲಿನ ರಬ್ಬರಿನಿಂದ ನೀರು ಸೋರುವುದನ್ನು, ಬೇರೆಬೇರೆ ಮಾತುಗಳಲ್ಲಿ ಹೇಳಿದ್ದಾರೆಯೇ ಎಂದು ಗಮನಿಸಿ. ಪರಸ್ಪರ ಪರಿಚಯವಿಲ್ಲದ ಹತ್ತು ಜನ ಒಂದೇ ಭಾಗದ ಹೆಸರು ಹೇಳಿದರೆ ಅದು ಬಲವಾದ ಸಾಕ್ಷ್ಯ.

ಸಂಖ್ಯೆ ಸಣ್ಣದಿದ್ದಾಗ ಏನು ಮಾಡಬೇಕೆಂಬುದಕ್ಕೆ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಬಹಳ ಹಿಂದೆಯೇ ಒಂದು ಸರಳ ಸೂತ್ರ ಕೊಟ್ಟಿದ್ದಾನೆ. ಮೆಚ್ಚಿದವರ ಸಂಖ್ಯೆಗೆ ಒಂದು ಕೂಡಿಸಿ, ಒಟ್ಟು ಬರೆದವರ ಸಂಖ್ಯೆಗೆ ಎರಡು ಕೂಡಿಸಿ, ಆಮೇಲೆ ಭಾಗಿಸಿ. ಆರಕ್ಕೆ ಆರು ಜನ ಮೆಚ್ಚಿದ ವಸ್ತುವಿಗೆ ಎಂಟರಲ್ಲಿ ಏಳು ಎಂದಾಗಿ ಶೇಕಡಾ 87.5 ಬರುತ್ತದೆ. 500ರಲ್ಲಿ 470 ಜನ ಮೆಚ್ಚಿದ ವಸ್ತುವಿಗೆ 502ರಲ್ಲಿ 471 ಎಂದಾಗಿ ಸುಮಾರು ಶೇಕಡಾ 93.8 ಬರುತ್ತದೆ. ನೋಡುವುದಕ್ಕೆ ಮೊದಲನೆಯದು ಪರಿಪೂರ್ಣ, ಎರಡನೆಯದು ಕೊಂಚ ಕಡಿಮೆ. ಆದರೆ ಪಂದ್ಯ ಕಟ್ಟುವುದಾದರೆ ಎರಡನೆಯದರ ಮೇಲೆ ಕಟ್ಟಬೇಕು. ಈ ಸೂತ್ರ ಮೆಚ್ಚಿದರು, ಮೆಚ್ಚಲಿಲ್ಲ ಎಂಬ ಎರಡೇ ಉತ್ತರಗಳಿರುವ ಕಡೆ ಸರಿಯಾಗಿ ಹೊಂದುತ್ತದೆ; ಐದು ಸ್ಟಾರ್‌ಗಳ ಕಡೆ ಅದು ಅಂದಾಜಷ್ಟೇ. ಆದರೂ ಬೆರಳೆಣಿಕೆಯ ಮಂದಿ ಕೊಟ್ಟ ಐದಕ್ಕೆ ಐದನ್ನು ಕಂಡು ಮರುಳಾಗದಿರಲು ಅದು ಸಾಕು.

ಇನ್ನು ಸಾವಿರಾರು ಜನ ಒಟ್ಟಾಗಿ ತಪ್ಪು ಹೇಳಲಾರರು ಎಂಬ ಮಾತು. ಆ ಸಾವಿರಾರು ಜನ ಒಬ್ಬರನ್ನೊಬ್ಬರು ನೋಡದೆ ಮತ ಹಾಕಿದ್ದರೆ ನಿಮ್ಮ ಅಕ್ಕನ ವಾದಕ್ಕೆ ಬಲವಿರುತ್ತಿತ್ತು. ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುದ್ದಿ ಹಂಚಿಕೊಳ್ಳುವ ಜಾಲತಾಣವೊಂದರ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳ ಪೈಕಿ ಕೆಲವಕ್ಕೆ ಹುಟ್ಟಿದ ಕೂಡಲೇ ಸಂಶೋಧಕರೇ ಒಂದು ಮೆಚ್ಚುಗೆಯ ಮತ ಹಾಕಿದರು, ಕೆಲವಕ್ಕೆ ವಿರೋಧದ ಮತ ಹಾಕಿದರು. ಮೆಚ್ಚುಗೆಯ ಆ ಒಂದು ಮತದಿಂದ ಮುಂದಿನ ಓದುಗ ಮೆಚ್ಚುವ ಸಾಧ್ಯತೆ ಶೇಕಡಾ 32ರಷ್ಟು ಹೆಚ್ಚಿತು, ಕೊನೆಯಲ್ಲಿ ಅಂತಹ ಪ್ರತಿಕ್ರಿಯೆಗಳ ಅಂಕ ಸರಾಸರಿ ಶೇಕಡಾ 25ರಷ್ಟು ಮೇಲಿತ್ತು. ವಿರೋಧದ ಮತವನ್ನು ನಂತರ ಬಂದವರು ಸರಿಪಡಿಸಿಬಿಟ್ಟರು. ಮೆಚ್ಚುಗೆಯ ಮತ ಮಾತ್ರ ಬೆಳೆಯುತ್ತಾ ಹೋಯಿತು. ಅಲ್ಲಿ ಅಳೆದದ್ದು ಬರಹಗಳನ್ನು, ಮಾರಾಟದ ವಸ್ತುಗಳನ್ನಲ್ಲ. ಆದರೆ ಮೊದಲೇ ಇರುವ ಅಂಕವನ್ನು ನೋಡಿಕೊಂಡೇ ಜನ ಅಂಕ ಕೊಡುವ ಎಲ್ಲ ಕಡೆಯೂ ಈ ಎಚ್ಚರ ಬೇಕು.

ಉತ್ತರ: ಸೂಜಿದಾರ

ಮಾರುವವರ ಕಡೆಯಿಂದಲೂ ಒಂದು ಮಾತು ಇರಲಿ ಎಂದು ಬರೆಯುತ್ತಿದ್ದೇನೆ. ನಾನು ಚರ್ಮದ ಚೀಲಗಳನ್ನು ಹೊಲಿದು ಆನ್‌ಲೈನ್‌ನಲ್ಲಿ ಮಾರಿ ಜೀವನ ಸಾಗಿಸುವವಳು. ನಿಧಾನಿ ಅವರು ಹೇಳಿದ ಒಂದು ಸ್ಟಾರ್‌ನ ಪಟ್ಟಿಯನ್ನು ದಯವಿಟ್ಟು ಬಿಡಿಸಿ ಓದಿ. ಪಾರ್ಸೆಲ್ ತಡವಾಯಿತು, ಹೊರಗಿನ ಡಬ್ಬ ಜಜ್ಜಿಹೋಗಿತ್ತು, ತಂದುಕೊಟ್ಟ ಹುಡುಗ ಸರಿಯಾಗಿ ಮಾತನಾಡಲಿಲ್ಲ, ಫೋಟೋದಲ್ಲಿ ಕಂಡ ಬಣ್ಣಕ್ಕೂ ಬಂದ ಬಣ್ಣಕ್ಕೂ ಕೂದಲೆಳೆಯ ವ್ಯತ್ಯಾಸವಿತ್ತು, ಹೀಗೆ ಹೊಲಿಗೆಗೂ ಚರ್ಮಕ್ಕೂ ಸಂಬಂಧವಿಲ್ಲದ ಕಾರಣಗಳಿಗೆ ಬಂದ ಅಂಕಗಳೂ ಚೀಲದ ಅಂಕದಲ್ಲೇ ಸೇರಿಕೊಳ್ಳುತ್ತವೆ. ಗ್ರಾಹಕರ ಸಿಟ್ಟು ನ್ಯಾಯವಾದದ್ದೇ, ಅವರು ದುಡ್ಡು ಕೊಟ್ಟಿದ್ದಾರೆ. ಆದರೆ ಚೀಲ ಎಷ್ಟು ದಿನ ಬಾಳುತ್ತದೆ ಎಂದು ತಿಳಿಯಲು ಬಂದ ನಿಮಗೆ ಆ ಅಂಕದಿಂದ ಏನೂ ತಿಳಿಯುವುದಿಲ್ಲ.

ಈ ಅಂಕಗಳು ನಮ್ಮಂಥವರ ಬದುಕಿನಲ್ಲಿ ಎಷ್ಟು ಭಾರದವು ಎಂಬುದಕ್ಕೆ ಅಧ್ಯಯನವೇ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅವರು ಅಮೆರಿಕದ ಸಿಯಾಟಲ್ ನಗರದ ಊಟದ ಹೋಟೆಲುಗಳ ವರಮಾನವನ್ನೂ 'ಯೆಲ್ಪ್' ಎಂಬ ವಿಮರ್ಶಾ ತಾಣದ ರೇಟಿಂಗ್‌ಗಳನ್ನೂ ಜೋಡಿಸಿ ನೋಡಿ, ಒಂದು ಸ್ಟಾರ್ ಏರಿದರೆ ವರಮಾನ ಶೇಕಡಾ 5ರಿಂದ 9ರಷ್ಟು ಏರುತ್ತದೆಂದು 2011ರಲ್ಲಿ ಬರೆದರು. ಆ ಪರಿಣಾಮ ಕಂಡದ್ದು ಸ್ವತಂತ್ರವಾಗಿ ನಡೆಯುವ ಹೋಟೆಲುಗಳಲ್ಲಿ. ಹೆಸರಾಂತ ಸರಣಿ ಹೋಟೆಲುಗಳಿಗೆ ಅದು ತಟ್ಟಲಿಲ್ಲ. ಹೆಸರೇ ಬಂಡವಾಳವಾಗಿರುವ ದೊಡ್ಡವರಿಗೆ ಇನ್ನೊಬ್ಬರ ಶಿಫಾರಸು ಬೇಕಿಲ್ಲ, ಯಾರಿಗೂ ಗೊತ್ತಿಲ್ಲದ ಸಣ್ಣವರಿಗೆ ಆ ಶಿಫಾರಸೇ ಎಲ್ಲ. ವಿಮರ್ಶೆಗಳಿಲ್ಲದಿದ್ದರೆ ನನ್ನ ಚೀಲವನ್ನು ಯಾರೂ ಕೊಳ್ಳುತ್ತಿರಲಿಲ್ಲ ಎಂಬುದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದ್ದರಿಂದ ತಮ್ಮನವರ ಮಾತಿನಂತೆ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿದರೆ ನಷ್ಟವಾಗುವುದು ಪ್ರಾಮಾಣಿಕವಾಗಿ ದುಡಿಯುವ ಚಿಕ್ಕವರಿಗೆ.

ಇದೇ ಭಾರದಿಂದಲೇ ಕೇಡೂ ಹುಟ್ಟುತ್ತದೆ. ಇಷ್ಟು ಹಣಕ್ಕೆ ಇಷ್ಟು ಐದು ಸ್ಟಾರ್ ವಿಮರ್ಶೆ ಎಂದು ಸಂದೇಶ ಕಳಿಸುವವರು ನಮಗೆ ತಪ್ಪದೆ ಎದುರಾಗುತ್ತಾರೆ. ಕೊಳ್ಳದ ಮಾರಾಟಗಾರ ಹಿಂದೆ ಬೀಳುತ್ತಾನೆ ಎಂಬ ಹೆದರಿಕೆಯೇ ಅವರ ಬಂಡವಾಳ.

ದಾಕ್ಷಿಣ್ಯ ಇನ್ನೊಂದು ಸಂಗತಿ. ಮಾರುವವರೂ ಕೊಳ್ಳುವವರೂ ಮುಖಾಮುಖಿಯಾಗುವ ಕಡೆ ಅಂಕಗಳು ತಾವಾಗಿಯೇ ಉಬ್ಬುತ್ತವೆ. ಮನೆಯಲ್ಲಿ ಇಟ್ಟುಕೊಂಡು ಉಪಚರಿಸಿದವರಿಗೆ ಮೂರು ಸ್ಟಾರ್ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ತಾನು ಕಡಿಮೆ ಕೊಟ್ಟರೆ ಅವರೂ ತನಗೆ ಕಡಿಮೆ ಕೊಟ್ಟಾರು ಎಂಬ ಅಂಜಿಕೆಯೂ ಸೇರಿಕೊಳ್ಳುತ್ತದೆ. ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ದಾಖಲಿಸುವುದನ್ನು ಆನ್‌ಲೈನ್ ಮಾರುಕಟ್ಟೆಯಾದ ಇಬೇ 2008ರಲ್ಲಿ ನಿಲ್ಲಿಸಿದ್ದು ಈ ಸೇಡಿನ ಭಯಕ್ಕಾಗಿಯೇ. ಮನೆಗಳನ್ನು ತಂಗಲು ಬಾಡಿಗೆಗೆ ಕೊಡಿಸುವ ತಾಣವಾದ ಏರ್‌ಬಿಎನ್‌ಬಿ 2014ರಲ್ಲಿ ಅತಿಥಿ ಮತ್ತು ಆತಿಥೇಯರ ವಿಮರ್ಶೆಗಳನ್ನು ಇಬ್ಬರೂ ಬರೆದು ಮುಗಿಸುವವರೆಗೆ, ಇಲ್ಲವೇ 14 ದಿನಗಳ ಗಡುವು ಮುಗಿಯುವವರೆಗೆ ಮುಚ್ಚಿಡುವ ಕ್ರಮ ತಂದಿತು. ಭಯವನ್ನು ಹೀಗೆ ಕಡಿಮೆ ಮಾಡಬಹುದು, ದಾಕ್ಷಿಣ್ಯವನ್ನು ಕಡಿಮೆ ಮಾಡುವುದು ಕಷ್ಟ.

ಉತ್ತರ: ಏಕತಾರಿ

ನಾನು ಇವಾವುದನ್ನೂ ಓದುವುದಿಲ್ಲ. ಅದೇ ವಸ್ತುವನ್ನು ಬಳಸುತ್ತಿರುವ ನೆಂಟರೋ ಸ್ನೇಹಿತರೋ ಹೇಳಿದರೆ ಕೊಳ್ಳುತ್ತೇನೆ. ಅವರಿಗೆ ನನ್ನಿಂದ ಯಾವ ಲಾಭವೂ ಇಲ್ಲ, ಸುಳ್ಳು ಹೇಳಿದರೆ ನಾಳೆ ಮುಖ ತೋರಿಸಬೇಕಾಗುತ್ತದೆ. ಪರಿಚಯವೇ ಇಲ್ಲದ ಸಾವಿರ ಜನರಿಗಿಂತ ಪರಿಚಯದ ಒಬ್ಬರು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ: ಹೊಂಗೆನೆರಳು

ಏಕತಾರಿ ಅವರ ಮಾತಿನಲ್ಲಿ ಪ್ರಾಮಾಣಿಕತೆಯ ಭಾಗ ಸರಿ. ಆದರೆ ಒಬ್ಬ ಸ್ನೇಹಿತ ಕೊಂಡಿರುವುದು ಒಂದೇ ಯಂತ್ರ. ಆ ಮಾದರಿಯಲ್ಲಿ ಹತ್ತಕ್ಕೊಂದು ಯಂತ್ರ ವರ್ಷದೊಳಗೆ ಕೆಡುತ್ತಿದ್ದರೂ ಅವನದು ಉಳಿದ ಒಂಬತ್ತರಲ್ಲಿ ಒಂದಾಗಿರುವ ಸಂಭವವೇ ಹೆಚ್ಚು. ಅಪರೂಪದ ದೋಷಗಳು ಹೊರಬೀಳಬೇಕಾದರೆ ಅಪರಿಚಿತರ ಗುಂಪೇ ಬೇಕು.

ನಾನು ಕೆಲಕಾಲ ಗ್ರಾಹಕರ ವಿಮರ್ಶೆಗಳನ್ನು ಪ್ರಕಟಣೆಗೆ ಮುನ್ನ ಪರಿಶೀಲಿಸುವ ಕೆಲಸದಲ್ಲಿದ್ದೆ, ಆದ್ದರಿಂದ ತಮ್ಮನವರ ಆಕ್ಷೇಪಕ್ಕೆ ಉತ್ತರಿಸುತ್ತೇನೆ. ಕೊಂಡುತಂದ ವಿಮರ್ಶೆಗಳು ಇವೆ, ಬೇಕಾದಷ್ಟಿವೆ. ಆದರೆ ಭಾಷೆ ನೋಡಿ ಅವನ್ನು ಕಂಡುಹಿಡಿಯುತ್ತೇನೆ ಎನ್ನುವವರ ಮಾತನ್ನು ಒಪ್ಪಬೇಡಿ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಶಿಕಾಗೊ ನಗರದ 20 ವಸತಿ ಹೋಟೆಲುಗಳ ಬಗ್ಗೆ 400 ನಿಜವಾದ ಮತ್ತು 400 ಹಣ ಕೊಟ್ಟು ಬರೆಸಿದ ಸುಳ್ಳು ಮೆಚ್ಚುಗೆಗಳನ್ನು ಸೇರಿಸಿ ಪರೀಕ್ಷೆ ಮಾಡಿದಾಗ, ಅವನ್ನು ಓದಿದ ಮನುಷ್ಯರ ತೀರ್ಪು ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ. ಕಂಪ್ಯೂಟರ್ ಸುಮಾರು ಶೇಕಡಾ 90ರಷ್ಟು ಸರಿಯಾಗಿ ಬೇರ್ಪಡಿಸಿತು. ಅದು ಸುಳ್ಳನ್ನೂ ಮನುಷ್ಯರೇ ಕೂತು ಬರೆಯುತ್ತಿದ್ದ ಕಾಲ. ಈಗ ಯಂತ್ರವೇ ಕ್ಷಣಮಾತ್ರದಲ್ಲಿ ಸಹಜವಾದ ಸುಳ್ಳು ಬರೆಯಬಲ್ಲದು, ಕಣ್ಣಿನ ಅಂದಾಜಿಗೆ ಇನ್ನಷ್ಟು ಬೆಲೆ ಕಡಿಮೆಯಾಗಿದೆ.

'ಖರೀದಿ ದೃಢಪಟ್ಟಿದೆ' ಎಂಬ ಗುರುತು ಸಹಾಯ ಮಾಡುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಮೇಜ್ಲಿನ್, ಡೋವರ್ ಮತ್ತು ಶೆವಲಿಯೆ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಎಕ್ಸ್‌ಪೀಡಿಯಾದಲ್ಲಿ ಅದರ ಮೂಲಕ ಕೋಣೆ ಕಾದಿರಿಸಿ ತಂಗಿದವರಷ್ಟೇ ಬರೆಯಬಹುದಿತ್ತು, ಟ್ರಿಪ್‌ಅಡ್ವೈಸರ್‌ನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಒಂದೇ ಹೋಟೆಲಿನ ಅಂಕಗಳನ್ನು ಎರಡೂ ಕಡೆ ಹೋಲಿಸಿದಾಗ, ಪಕ್ಕದಲ್ಲಿ ಸ್ವತಂತ್ರ ಮಾಲೀಕರ ಪೈಪೋಟಿ ಇರುವ ಹೋಟೆಲುಗಳಿಗೆ ಟ್ರಿಪ್‌ಅಡ್ವೈಸರ್‌ನಲ್ಲಿ ಕೆಟ್ಟ ವಿಮರ್ಶೆಗಳ ಪಾಲು ಹೆಚ್ಚಾಗಿತ್ತು. ಬರೆಯಲು ಖರ್ಚಿದ್ದರೆ ಸುಳ್ಳು ಕಡಿಮೆಯಾಗುತ್ತದೆ ಎಂದು ಇದರಿಂದ ಹೊಳೆಯುತ್ತದೆ. ಆದರೆ ಖರ್ಚನ್ನು ಹಿಂದಿರುಗಿಸುವವರಿದ್ದಾರೆ. ಶೆರ್ರಿ ಹೆ, ಬ್ರೆಟ್ ಹಾಲೆನ್‌ಬೆಕ್ ಮತ್ತು ದಾವಿದೆ ಪ್ರೊಸೆರ್ಪಿಯೊ 2022ರ ತಮ್ಮ ಲೇಖನದಲ್ಲಿ, ಫೇಸ್‌ಬುಕ್‌ನ ಖಾಸಗಿ ಗುಂಪುಗಳಲ್ಲಿ ಅಮೆಜಾನ್ ಮಾರಾಟಗಾರರು ನಡೆಸುವ ಈ ವ್ಯವಹಾರವನ್ನು ಹಿಂಬಾಲಿಸಿ ದಾಖಲಿಸಿದ್ದಾರೆ. ಗ್ರಾಹಕ ನಿಜವಾಗಿಯೇ ಕೊಳ್ಳುತ್ತಾನೆ, ಐದು ಸ್ಟಾರ್ ಬರೆಯುತ್ತಾನೆ, ಆಮೇಲೆ ಹಣ ವಾಪಸ್ಸು ಬರುತ್ತದೆ. ಕೆಲವೊಮ್ಮೆ ಮೇಲಿಷ್ಟು ಕಮಿಷನ್ನೂ ಸಿಗುತ್ತದೆ. ದೃಢೀಕರಣದ ಗುರುತು ಅಲ್ಲೂ ಇರುತ್ತದೆ. ಆ ಲೇಖನದಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಭಾಗವೆಂದರೆ ಮುಂದೇನಾಯಿತು ಎಂಬುದು: ವಿಮರ್ಶೆ ಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಆ ವಸ್ತುಗಳ ಅಂಕ ಕುಸಿಯಿತು, ಒಂದು ಸ್ಟಾರ್ ವಿಮರ್ಶೆಗಳ ಪಾಲು ಏರಿತು. ಮೋಸಹೋದವರು ಬಂದು ನಿಜ ಬರೆದರು. ಆದ್ದರಿಂದ ವಿಮರ್ಶೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಹೊಸದರಿಂದ ಹಳೆಯದರ ಕಡೆಗೆ ಓದಿ. ಒಂದೆರಡು ವಾರಗಳಲ್ಲಿ ಹೊಗಳಿಕೆ ಒತ್ತಾಗಿ ಬಂದು, ನಂತರ ದೂರುಗಳು ಸಾಲಾಗಿ ಬಂದಿದ್ದರೆ ಆ ವಸ್ತುವನ್ನು ಬಿಟ್ಟುಬಿಡಿ.

ಬರೆದವರಲ್ಲಿ ಮೋಸವಿಲ್ಲದಿದ್ದರೂ ತೋರಿಸುವವರಲ್ಲಿ ಇರಬಹುದು, ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನಾಲ್ಕಕ್ಕಿಂತ ಕಡಿಮೆ ಸ್ಟಾರ್‌ನ ವಿಮರ್ಶೆಗಳನ್ನು ತನ್ನ ತಾಣದಲ್ಲಿ ಪ್ರಕಟಿಸದೆ ತಡೆಹಿಡಿದಿತ್ತು ಎಂಬ ಆರೋಪದ ಮೇಲೆ ಫ್ಯಾಷನ್ ನೋವಾ ಎಂಬ ಉಡುಪಿನ ಕಂಪನಿ 2022ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 42 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಬೇರೆ ವಸ್ತುವಿಗೆ ಬಂದಿದ್ದ ಹಳೆಯ ವಿಮರ್ಶೆಗಳನ್ನು ಹೊಸ ವಸ್ತುವಿನ ಪುಟಕ್ಕೆ ಅಂಟಿಸುವ ತಂತ್ರದ ವಿರುದ್ಧ ಅದೇ ಆಯೋಗ 2023ರಲ್ಲಿ ಮೊದಲ ಪ್ರಕರಣ ನಡೆಸಿತು. ಫಿಲ್ಟರಿನ ಪುಟದಲ್ಲಿ ಯಾರೋ ಕೊಳವೆಯ ಬಗ್ಗೆಯೋ ಬಾಟಲಿಯ ಬಗ್ಗೆಯೋ ಬರೆದಿದ್ದರೆ ಅದು ಬರೆದವರ ಮರೆವಲ್ಲ, ಆ ಪುಟದ ಇತಿಹಾಸ ಬೇರೆ ಇದೆ ಎಂದು ತಿಳಿಯಿರಿ.

ಕಾನೂನು ಈಗೀಗ ಎಚ್ಚೆತ್ತಿದೆ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ, ವಿಮರ್ಶೆಗಳು ನಿಜವಾದ ಗ್ರಾಹಕರಿಂದಲೇ ಬಂದಿವೆಯೇ ಎಂಬುದನ್ನು ಪರಿಶೀಲಿಸುತ್ತೇವೆಯೇ, ಹೇಗೆ ಪರಿಶೀಲಿಸುತ್ತೇವೆ ಎಂದು ವ್ಯಾಪಾರಿಗಳು ತಿಳಿಸಬೇಕು. ಅಮೆರಿಕದಲ್ಲಿ ಸುಳ್ಳು ವಿಮರ್ಶೆ ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸುವ ನಿಯಮ 2024ರ ಅಕ್ಟೋಬರ್ 21ರಂದು ಜಾರಿಗೆ ಬಂತು, ಬ್ರಿಟನ್ನಿನಲ್ಲಿ ಅಂಥದೇ ನಿಯಮ 2025ರ ಏಪ್ರಿಲ್‌ನಲ್ಲಿ ಬಂತು. ವಿಮರ್ಶೆಗಳನ್ನು ಸಂಗ್ರಹಿಸಿ ಪ್ರಕಟಿಸುವುದಕ್ಕೆ 2018ರಿಂದ ಐಎಸ್‌ಒ 20488 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಇವುಗಳಿಂದ ದೊಡ್ಡ ಕಂಪನಿಗಳು ಹೆದರುತ್ತವೆ. ಇಂದು ಹುಟ್ಟಿ ನಾಳೆ ಹೆಸರು ಬದಲಿಸುವ ಮಾರಾಟಗಾರರು ಹೆದರುವುದು ಕಡಿಮೆ.

ತುಂಬೆಹೂ

ಎಲ್ಲರಿಗೂ ಧನ್ಯವಾದಗಳು. ವಾಷಿಂಗ್ ಮಷೀನಿನ ಬಗ್ಗೆ ಹೇಗೆ ಓದಬೇಕೆಂದು ಈಗ ತಿಳಿಯಿತು. ಆದರೆ ಅಮ್ಮನ ವಿಷಯದಲ್ಲಿ ನನ್ನ ಗೊಂದಲ ಹಾಗೆಯೇ ಉಳಿದಿದೆ. ನಾನು ನೋಡಿದ ಒಬ್ಬ ಶಸ್ತ್ರಚಿಕಿತ್ಸಕರಿಗೆ 4.9 ಇದೆ, ಇನ್ನೊಬ್ಬರಿಗೆ 3.8 ಇದೆ. ವಿಮರ್ಶೆಗಳು ಸುಳ್ಳೆಂದು ಅನ್ನಿಸುವುದಿಲ್ಲ. ಈ ವ್ಯತ್ಯಾಸವನ್ನು ಹೇಗೆ ತೆಗೆದುಕೊಳ್ಳಲಿ?

ಉತ್ತರ: ಬೆಳ್ಳಕ್ಕಿ

ತುಂಬೆಹೂ ಅವರೇ, ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡುವ ನನಗೆ ನಿಮ್ಮ ಪ್ರಶ್ನೆ ಹತ್ತಿರದ್ದು. ಈ ಚರ್ಚೆಯಲ್ಲಿ ಇದುವರೆಗೆ ಬರೆದವರು ನಿಜವೇ, ಸಾಕಷ್ಟು ಜನರೇ ಎಂದು ಕೇಳಿದ್ದಾಯಿತು. ಬರೆದವರಿಗೆ ಆ ಸಂಗತಿ ಗೊತ್ತಾಗುವ ದಾರಿ ಇತ್ತೇ ಎಂಬುದನ್ನು ಯಾರೂ ಕೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆಯೇ ಅದು.

ಅರ್ಥಶಾಸ್ತ್ರಜ್ಞರು ಗುಣಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಬಣ್ಣ, ಗಾತ್ರದಂತಹ ಕೆಲವು ಕೊಳ್ಳುವ ಮೊದಲೇ ತಿಳಿಯುತ್ತವೆ. ರುಚಿ, ಸದ್ದು, ಬಾಳಿಕೆಯಂತಹ ಕೆಲವು ಬಳಸಿದ ಮೇಲೆ ತಿಳಿಯುತ್ತವೆ. ಈ ಎರಡರ ವ್ಯತ್ಯಾಸವನ್ನು ಫಿಲಿಪ್ ನೆಲ್ಸನ್ 1970ರಲ್ಲಿ ವಿವರಿಸಿದರು. ಇನ್ನು ಕೆಲವು ಗುಣಗಳು ಬಳಸಿದ ಮೇಲೂ ಬಳಸಿದವರಿಗೆ ತಿಳಿಯುವುದಿಲ್ಲ, ಪರಿಣತರ ಮಾತನ್ನೇ ನಂಬಬೇಕಾಗುತ್ತದೆ ಎಂದು ಡಾರ್ಬಿ ಮತ್ತು ಕಾರ್ನಿ 1973ರಲ್ಲಿ ಸೇರಿಸಿದರು. ದುರಸ್ತಿ ಮಾಡಿದವನು ಬದಲಿಸಿದ ಭಾಗ ನಿಜವಾಗಿ ಕೆಟ್ಟಿತ್ತೇ, ವೈದ್ಯರು ಹೇಳಿದ ಶಸ್ತ್ರಚಿಕಿತ್ಸೆ ನಿಜವಾಗಿ ಬೇಕಿತ್ತೇ ಎಂಬುವು ಈ ಮೂರನೆಯ ಬಗೆಗೆ ಸೇರುತ್ತವೆ. ಗ್ರಾಹಕರ ವಿಮರ್ಶೆಗೆ ಅಧಿಕಾರವಿರುವುದು ಎರಡನೆಯ ಬಗೆಯ ಮೇಲೆ. ಮೂರನೆಯ ಬಗೆಯ ಬಗ್ಗೆ ಹತ್ತು ಸಾವಿರ ಪ್ರಾಮಾಣಿಕರು ಬರೆದರೂ ಅದು ಹತ್ತು ಸಾವಿರ ಊಹೆಗಳ ಸರಾಸರಿ.

ನಿಮ್ಮ ನೀರಿನ ಫಿಲ್ಟರನ್ನೇ ತೆಗೆದುಕೊಳ್ಳಿ. ನೀರು ಸಿಹಿಯಾಗಿದೆ, ವಾಸನೆ ಹೋಗಿದೆ, ಜೋಡಿಸುವುದು ಸುಲಭ, ಆರು ತಿಂಗಳಾದರೂ ಸೋರಿಲ್ಲ ಎಂದು ಜನ ಬರೆದರೆ ನಂಬಿ. ಸೀಸವನ್ನೂ ಆರ್ಸೆನಿಕ್ಕನ್ನೂ ತೆಗೆಯುತ್ತದೆ ಎಂದು ಬರೆದರೆ ಅದನ್ನು ಲೆಕ್ಕಕ್ಕೆ ಇಡಬೇಡಿ, ಏಕೆಂದರೆ ಅವೆರಡಕ್ಕೂ ರುಚಿಯೂ ಇಲ್ಲ ವಾಸನೆಯೂ ಇಲ್ಲ. ಅದಕ್ಕೆ ಪ್ರಯೋಗಾಲಯದ ಪ್ರಮಾಣಪತ್ರವೇ ಬೇಕು. ಎನ್‌ಎಸ್‌ಎಫ್ ಎಂಬ ಪ್ರಮಾಣೀಕರಣ ಸಂಸ್ಥೆಯ ಮಾನದಂಡಗಳಲ್ಲಿ 42 ಎಂಬುದು ರುಚಿ, ವಾಸನೆ, ಕ್ಲೋರಿನ್‌ಗೆ ಸಂಬಂಧಿಸಿದ್ದು, 53 ಎಂಬುದು ಸೀಸದಂತಹ ಆರೋಗ್ಯಕ್ಕೆ ಹಾನಿ ಮಾಡುವ ವಸ್ತುಗಳಿಗೆ ಸಂಬಂಧಿಸಿದ್ದು. ಬರೀ 42 ಇರುವ ಫಿಲ್ಟರಿಗೆ ಐದು ಸ್ಟಾರ್ ಬಂದಿರುವುದು ಸಹಜ, ಜನ ಅಳೆದದ್ದು ರುಚಿಯನ್ನು.

ಈಗ ವೈದ್ಯರ ವಿಷಯ. ಅಮೆರಿಕದಲ್ಲಿ ಹೃದಯ ಶಸ್ತ್ರಚಿಕಿತ್ಸಕರ ಫಲಿತಾಂಶಗಳನ್ನು ಬಹಿರಂಗಪಡಿಸುವ ಐದು ರಾಜ್ಯಗಳಲ್ಲಿ 600ಕ್ಕೂ ಹೆಚ್ಚು ವೈದ್ಯರ ಆನ್‌ಲೈನ್ ರೇಟಿಂಗನ್ನು ಅವರ ರೋಗಿಗಳ ಸಾವಿನ ಪ್ರಮಾಣದೊಂದಿಗೆ ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಇದರಲ್ಲಿ ರೋಗಿಗಳ ತಪ್ಪೇನೂ ಇಲ್ಲ. ಅರಿವಳಿಕೆಯಲ್ಲಿ ಮಲಗಿದವರಿಗೆ ಶಸ್ತ್ರಚಿಕಿತ್ಸಕರ ಕೈಚಳಕ ಕಾಣುವುದಿಲ್ಲ. ಅವರು ಕಂಡದ್ದು ವೈದ್ಯರು ಎಷ್ಟು ಹೊತ್ತು ಮಾತನಾಡಿದರು, ಎಷ್ಟು ಕಾಯಿಸಿದರು, ಮನೆಯವರ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದರೇ ಎಂಬುದನ್ನು. 4.9 ಮತ್ತು 3.8ರ ನಡುವಿನ ಅಂತರದಲ್ಲಿ ಇವೆಲ್ಲ ಅಡಗಿರಬಹುದು, ಮತ್ತು ಇವೂ ಸಣ್ಣ ಸಂಗತಿಗಳಲ್ಲ.

ಹಾಗೆಂದು ರೋಗಿಗಳ ಮಾತಿಗೆ ಬೆಲೆಯಿಲ್ಲವೆಂದು ತಿಳಿಯಬೇಡಿ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ತಾಣದಲ್ಲಿ ರೋಗಿಗಳು ಆಸ್ಪತ್ರೆಗಳಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ 2012ರ ಅಧ್ಯಯನವೊಂದರಲ್ಲಿ, ಸ್ವಚ್ಛತೆಗೆ ಹೆಚ್ಚು ಅಂಕ ಪಡೆದ ಆಸ್ಪತ್ರೆಗಳಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕು ನಿಜವಾಗಿಯೂ ಕಡಿಮೆ ಇತ್ತು. ಕೊಳೆಯಾದ ಶೌಚಾಲಯ, ಬದಲಿಸದ ಹಾಸಿಗೆ, ಕೈತೊಳೆಯದ ಸಿಬ್ಬಂದಿ ಇವು ರೋಗಿಗೂ ಅವರ ಪಕ್ಕದಲ್ಲಿ ಕುಳಿತವರಿಗೂ ಕಣ್ಣಾರೆ ಕಾಣುವಂಥವು. ಅವರು ಕಂಡದ್ದನ್ನು ಬರೆದಾಗ ಅದು ಒಳಗಿನ ದಾಖಲೆಗಳೊಂದಿಗೆ ಹೊಂದಿಕೆಯಾಯಿತು. ನಮ್ಮ ವಾರ್ಡುಗಳಲ್ಲಿ ಏನಾಗುತ್ತಿದೆ ಎಂದು ಆಡಳಿತದವರಿಗಿಂತ ಮೊದಲು ತಿಳಿಯುವುದು ರೋಗಿಯ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ರಾತ್ರಿ ಕಳೆಯುವವರಿಗೆ, ಇದನ್ನು ನಾನು ಅನುಭವದಿಂದ ಬಲ್ಲೆ.

ಆದ್ದರಿಂದ ಆ ಇಬ್ಬರ ವಿಮರ್ಶೆಗಳಲ್ಲೂ ಶಸ್ತ್ರಚಿಕಿತ್ಸೆಯ ನಂತರದ ದಿನಗಳ ಬಗ್ಗೆ ಬರೆದವನ್ನು ಹುಡುಕಿ: ನೋವಿದೆ ಎಂದಾಗ ಬಂದು ನೋಡಿದರೇ, ಗಾಯಕ್ಕೆ ಸೋಂಕು ತಗುಲಿದಾಗ ಯಾರು ಹೊಣೆ ಹೊತ್ತರು, ವ್ಯಾಯಾಮ ಹೇಳಿಕೊಡುವವರು ನಿಯಮಿತವಾಗಿ ಬರುತ್ತಿದ್ದರೇ. ಉಳಿದದ್ದನ್ನು ವೈದ್ಯರನ್ನೇ ಕೇಳಿ. ವರ್ಷಕ್ಕೆ ಎಷ್ಟು ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮಾಡುತ್ತೀರಿ, ಅವುಗಳಲ್ಲಿ ಎಷ್ಟಕ್ಕೆ ಸೋಂಕು ಬಂದಿದೆ, ಎಷ್ಟನ್ನು ಮತ್ತೆ ತೆರೆಯಬೇಕಾಯಿತು, ಅಮ್ಮನ ವಯಸ್ಸಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದ ದಾರಿಗಳು ಯಾವುವು ಎಂದು ಕೇಳುವುದು ಅವಿನಯವಲ್ಲ. ಒಳ್ಳೆಯ ಶಸ್ತ್ರಚಿಕಿತ್ಸಕರು ಈ ಲೆಕ್ಕ ಇಟ್ಟಿರುತ್ತಾರೆ, ಕೇಳಿದರೆ ಬೇಸರಪಡುವುದಿಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ತಪ್ಪದೆ ತೆಗೆದುಕೊಳ್ಳಿ.

ಉತ್ತರ: ನಿಧಾನಿ

ಬೆಳ್ಳಕ್ಕಿ ಅವರ ವಿಂಗಡಣೆ ನಾನು ಬರೆದದ್ದಕ್ಕಿಂತ ಮೂಲಭೂತವಾದದ್ದು. ಸಾಧಾರಣ ವಸ್ತುಗಳಿಗೂ ಅದು ಅನ್ವಯಿಸುತ್ತದೆ ಎಂಬುದಕ್ಕೆ ಒಂದು ಅಧ್ಯಯನವನ್ನು ಸೇರಿಸುತ್ತೇನೆ, ಅಕ್ಕನವರ 4.3ರ ಗೆರೆಗೂ ಉತ್ತರ ಅದರಲ್ಲಿದೆ. ಬಾರ್ಟ್ ಡಿ ಲಾಂಗೆ, ಫಿಲಿಪ್ ಫರ್ನ್‌ಬಾಕ್ ಮತ್ತು ಡೊನಾಲ್ಡ್ ಲಿಕ್ಟೆನ್‌ಸ್ಟೈನ್ 2016ರಲ್ಲಿ 120 ವಿಭಾಗಗಳ 1,272 ವಸ್ತುಗಳ ಅಮೆಜಾನ್ ರೇಟಿಂಗನ್ನು, ಪ್ರಯೋಗಾಲಯದಲ್ಲಿ ವಸ್ತುಗಳನ್ನು ಪರೀಕ್ಷಿಸುವ 'ಕನ್ಸ್ಯೂಮರ್ ರಿಪೋರ್ಟ್ಸ್' ಸಂಸ್ಥೆಯ ಅಂಕಗಳೊಂದಿಗೆ ಹೋಲಿಸಿದರು. ಹೊಂದಿಕೆ ಬಹಳ ದುರ್ಬಲವಾಗಿತ್ತು. ಹೆಚ್ಚಿನ ಬೆಲೆ ಮತ್ತು ಬ್ರಾಂಡಿನ ಪ್ರತಿಷ್ಠೆ ಬಳಕೆದಾರರ ಅಂಕವನ್ನು ಮೇಲಕ್ಕೆತ್ತುತ್ತಿದ್ದವು. ದುಬಾರಿ ಕೊಟ್ಟು ತಂದದ್ದನ್ನು ಒಳ್ಳೆಯದೆಂದು ನಂಬಲು ನಮಗೆಲ್ಲ ಮನಸ್ಸಿರುತ್ತದೆ.

ಹೀಗಿರುವಾಗ 4.2 ಮತ್ತು 4.4ರ ನಡುವೆ ಗೆರೆ ಎಳೆಯುವುದಕ್ಕೆ ಆಧಾರವಿಲ್ಲ. ಒಂದು ತಾಣದ ಅಂಕವನ್ನು ಇನ್ನೊಂದರದರೊಂದಿಗೆ ಹೋಲಿಸಲಂತೂ ಬಾರದು. ಏರ್‌ಬಿಎನ್‌ಬಿಯಲ್ಲಿ ಸುಮಾರು ಶೇಕಡಾ 95ರಷ್ಟು ಮನೆಗಳ ರೇಟಿಂಗ್ ನಾಲ್ಕೂವರೆ ಅಥವಾ ಐದು ಎಂದು ಜಾರ್ಜಿಯೊಸ್ ಜೆರ್ವಾಸ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಅಂತಹ ಕಡೆ 4.3 ಎಂದರೆ ಎಚ್ಚರಿಕೆಯ ಗಂಟೆ. ಅಂಕ ಕೊಡುವುದರಲ್ಲಿ ಜನ ಬಿಗಿಯಾಗಿರುವ ಇನ್ನೊಂದು ತಾಣದಲ್ಲಿ ಅದೇ 4.3 ಅಪರೂಪದ ಗೌರವ. ಮೇಲಾಗಿ ಅಮೆಜಾನ್ ತೋರಿಸುವ ಅಂಕ ಬರೀ ಸರಾಸರಿಯೂ ಅಲ್ಲ. ವಿಮರ್ಶೆ ಎಷ್ಟು ಹೊಸದು, ಖರೀದಿ ದೃಢಪಟ್ಟಿದೆಯೇ ಎಂಬಂಥವನ್ನು ತೂಗಿ ಲೆಕ್ಕ ಹಾಕುತ್ತೇವೆಂದು ಅದೇ ಹೇಳಿಕೊಳ್ಳುತ್ತದೆ.

ವಾಷಿಂಗ್ ಮಷೀನಿಗೆ ಮೂರು ಸ್ಟಾರ್ ಕೊಟ್ಟವರ ವಿಮರ್ಶೆಗಳಿಂದ ಓದಲು ಆರಂಭಿಸಿ. ಅವರು ಸಾಮಾನ್ಯವಾಗಿ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂಬ ಎರಡನ್ನೂ ಬರೆದಿರುತ್ತಾರೆ. ನೀವು ಕೊಂಡ ಮೇಲೆ ಕೂಡಲೇ ಅಂಕ ಕೊಡಬೇಡಿ. ಒಂದು ವರ್ಷ ಬಳಸಿ, ಯಾವ ಮಾದರಿ, ವಾರಕ್ಕೆ ಎಷ್ಟು ಸಲ ಒಗೆಯುತ್ತೀರಿ, ನೀರು ಗಡುಸೋ ಮೆದುವೋ, ಏನು ಕೆಟ್ಟಿತು, ದುರಸ್ತಿಗೆ ಬಂದವರು ಹೇಗೆ ನಡೆದುಕೊಂಡರು ಎಂಬುದನ್ನು ಬರೆಯಿರಿ. ಯಂತ್ರ ಸಾಧಾರಣವಾಗಿದ್ದರೆ ಸಾಧಾರಣವಾಗಿದೆ ಎಂದೇ ಬರೆಯಿರಿ.